ಜನರಲ್ ಸಾಹೇಬರು ಹೊದ್ದ ನಮ್ಮ ಕಂಬಳಿ

ಅರವತ್ತರ ದಶಕದಲ್ಲಿ ನಾನು ಗೌಡಗೆರೆ ಕಡೆಯ ಒಂದು ಶಾಲೆಗೆ ಮೇಡಂ ಆಗಿ ಹೋದ ಹೊಸತು. ಮಕ್ಕಳ ಪುಸ್ತಕದಲ್ಲಿ ಜನರಲ್ ಸಾಹೇಬರ ಮೇಲೆ ಒಂದು ಪಾಠ ಇತ್ತು. ಚಿಕ್ಕ ವಯಸ್ಸಿಗೇ ಸೈನ್ಯ ಸೇರಿದರು, ಬರ್ಮಾ ಕಾಡಿನಲ್ಲಿ ಹೋರಾಡಿದರು, ಕೊನೆಗೆ ದೊಡ್ಡ ದಂಡನ್ನೇ ನಡೆಸಿದರು, ಆಮೇಲೆ ಸಮವಸ್ತ್ರ ಕಳಚಿಟ್ಟು ದಿಲ್ಲಿಯಲ್ಲಿ ಮಂತ್ರಿಯಾಗಿ ದೇಶದ ಭಾರ ಹೊತ್ತರು. ಪಕ್ಕದಲ್ಲಿ ಒಂದು ಚಿತ್ರ, ಎದೆ ತುಂಬ ಪದಕ. ಎಲ್ಲಾ ಸರಿ. ಆದರೆ ಕಂಬಳಿಯ ಮಾತೇ ಇಲ್ಲ! ಹಿಂದೆ ಮುಂದೆ ಪುಟ ತಿರುಗಿಸಿದೆ, ಇಲ್ಲವೇ ಇಲ್ಲ. ಮೈಯೆಲ್ಲಾ ಉರಿದುಹೋಯ್ತು ನನಗೆ. ಪಾಠ ಬರೆದವರಿಗೆ ಏನು ಗೊತ್ತು, ಮಣ್ಣು! ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ‘ಬನ್ರೋ ಹತ್ತಿರ, ಕೂತ್ಕೊಳ್ಳಿ’ ಅಂದು ಮಕ್ಕಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ನಮ್ಮಪ್ಪ ಶಿರಾದಲ್ಲಿ ಜಟಕಾ ಹೊಡೆಯುತ್ತಿದ್ದ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಅವನ ಗಾಡಿ ನಿಂತಿರೋದು. ಅದಕ್ಕೂ ಮುಂಚೆ, ಆ ದೊಡ್ಡ ಯುದ್ಧದ ಕಾಲದಲ್ಲಿ, ಅವನು ಮಿಲ್ಟ್ರಿಯಲ್ಲಿದ್ದ. ಬಂದೂಕು ಹಿಡಿದವನಲ್ಲ, ಹೇಸರಗತ್ತೆ ಹೊಡೆದುಕೊಂಡು ಹೋಗುವವನು. ಗುಂಡು, ಅಕ್ಕಿ, ಬೇಳೆ, ಗಾಯವಾದ ಜನ ಎಲ್ಲವೂ ಆ ಹೇಸರಗತ್ತೆಗಳ ಬೆನ್ನ ಮೇಲೆ. ಬರ್ಮಾದಿಂದ ಅಪ್ಪ ತಂದದ್ದು ಒಂದು ಖಾಕಿ ಅಂಗಿ, ಮೊಣಕಾಲಲ್ಲಿ ಒಂದು ನೋವು, ಮತ್ತೆ ಒಂದು ಕತೆ. ಅಂಗಿ ಹರಿಯಿತು, ನೋವು ಚಳಿಗಾಲದಲ್ಲಿ ಮಾತ್ರ ಬರೋದು, ಕತೆ ಮಾತ್ರ ದಿನಾ ಇರುತ್ತಿತ್ತು.

ಕತೆ ಇಷ್ಟೇ. ಕಾಡಿನಲ್ಲಿ ದಂಡು ಹಿಂದಕ್ಕೆ ಬರುತ್ತಿತ್ತು. ಹಿಡಿದ ಮಳೆ ಬಿಡದೆ ಹೊಡೆಯುತ್ತಿತ್ತು. ಹೊಳೆ ದಾಟಿ ಬಂದು ನೋಡಿದರೆ ಮರದ ಬುಡದಲ್ಲಿ ಒಬ್ಬ ಮೇಜರ್ ಸಾಹೇಬರು ಜ್ವರ ಬಂದು ಮುದುರಿ ಬಿದ್ದಿದ್ದಾರೆ, ಹಲ್ಲು ಕಟಕಟ ಅನ್ನುತ್ತಿದೆ. ನಮ್ಮಪ್ಪ ಹೇಸರಗತ್ತೆ ಬೆನ್ನ ಮೇಲಿಂದ ತನ್ನ ಸ್ವಂತ ಕಂಬಳಿ, ಶಿರಾ ಸೀಮೆಯ ಕರಿ ಕಂಬಳಿ, ಇಳಿಸಿ ಅವರಿಗೆ ಹೊದಿಸಿದ. ಅವರು ‘ಶಾಬಾಶ್’ ಅಂದರು. ಬೆಳಕು ಹರಿಯೋ ಮುಂಚೆ ಹೇಸರಗತ್ತೆಗಳನ್ನು ಮುಂದಕ್ಕೆ ಹೊಡೆಯಿರಿ ಅಂತ ಹುಕುಂ ಬಂತು. ಮಲಗಿದ ರೋಗಿಯ ಮೈಮೇಲಿಂದ ಕಂಬಳಿ ಕಿತ್ತುಕೊಳ್ಳಲಿಕ್ಕಾಗುತ್ತದೆಯೇ? ಬಿಟ್ಟು ಬಂದ. ಆ ಮೇಜರ್ ಸಾಹೇಬರೇ ಮುಂದೆ ಜನರಲ್ ಆದವರು, ಪೇಪರಿನಲ್ಲಿ ಫೋಟೋ ಬರುವವರು.

ಈ ಕತೆಗೆ ನಮ್ಮಪ್ಪನ ಹತ್ತಿರ ಅಳತೆಗೆ ತಕ್ಕ ಹಾಗೆ ಬೇರೆ ಬೇರೆ ತುಂಡುಗಳಿದ್ದವು. ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವವರಿಗೆ ಬರೀ ಮಳೆ, ಜ್ವರ, ಕಂಬಳಿ. ಕೋಟೆ ಕಡೆಗೆ ಹೋಗುವವರಿಗೆ ಜೊತೆಗೆ ಜಿಗಣೆ. ಊರಾಚೆ ತೋಟಕ್ಕೆ ಹೋಗುವವರು ಸಿಕ್ಕಿದರಂತೂ ಮುಗಿಯಿತು, ಆನೆ, ಹೆಬ್ಬಾವು, ಸಾಹೇಬರ ಗಿರಿಜಾ ಮೀಸೆ ಎಲ್ಲವೂ ಬರೋವು. ಗಿರಾಕಿ ‘ಆಮೇಲೆ?’ ಅಂದುಬಿಟ್ಟರೆ ಸಾಕು, ಅಪ್ಪನ ಮುಖ ಅರಳುತ್ತಿತ್ತು. ಕುದುರೆಗೂ ಆ ಮಾತು ಗೊತ್ತಾಗಿ ನಡಿಗೆ ನಿಧಾನ ಮಾಡುತ್ತಿತ್ತು. ‘ಆಮೇಲೆ?’ ಅಂದವರನ್ನು ಅಪ್ಪ ಮನೆ ಬಾಗಿಲವರೆಗೂ ಬಿಟ್ಟು, ಗಂಟುಮೂಟೆ ಇಳಿಸಿಕೊಟ್ಟು ಬರುತ್ತಿದ್ದ.

ಆ ಮಾತನ್ನು ಒಂದೇ ಒಂದು ಸಲವೂ ಅನ್ನದವಳು ನಮ್ಮವ್ವ. ಅಪ್ಪ ‘ಬರ್ಮಾದಾಗೆ...’ ಅಂತ ಶುರು ಮಾಡಿದರೆ ಅವಳು ಎದ್ದು ಒಲೆ ಮುಂದೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಅವಳ ಸಿಟ್ಟಿಗೂ ಕಾರಣ ಇತ್ತು, ಬಿಡಿ.

ಅವ್ವನ ತವರು ಗೌಡಗೆರೆ ಹತ್ತಿರ, ಕಂಬಳಿ ಮಗ್ಗದ ಮನೆ. ನಮ್ಮಲ್ಲಿ ಮದುವೆಗೆ ಹೆಣ್ಣಿನ ಅಪ್ಪ ತಾನೇ ಒಂದು ಕಂಬಳಿ ನೇಯುತ್ತಾನೆ. ಗಂಡು ಹೆಣ್ಣು ಅದರ ಮೇಲೇ ಕೂರಬೇಕು. ಅದಕ್ಕೆ ಗದ್ದಿಗೆ ಕಂಬಳಿ ಅನ್ನುತ್ತೇವೆ. ಅದನ್ನು ಹೊದೆಯುವ ಹಾಗಿಲ್ಲ, ಒಗೆಯುವ ಹಾಗಿಲ್ಲ, ಮೆಟ್ಟು ಹಾಕಿಕೊಂಡು ತುಳಿಯುವ ಹಾಗಂತೂ ಇಲ್ಲವೇ ಇಲ್ಲ. ಅದರ ಮೇಲೆ ಕೂತವರು ಸುಳ್ಳು ಹೇಳಬಾರದು. ಮಗುವಿಗೆ ಹೆಸರಿಡಲಿ, ಅಣ್ಣತಮ್ಮಂದಿರ ಜಗಳ ಬಗೆಹರಿಯಲಿ, ಪೆಟ್ಟಿಗೆಯಿಂದ ಆ ಕಂಬಳಿಯೇ ಈಚೆಗೆ ಬರಬೇಕು. ಎದ್ದ ಮೇಲೆ ಇಬ್ಬರು ಸೇರಿ ಮಡಿಸಿಡಬೇಕು, ಒಬ್ಬರೇ ಮಡಿಸಬಾರದು.

ನಮ್ಮಪ್ಪ ಮಿಲ್ಟ್ರಿಗೆ ಹೋದದ್ದು ಮದುವೆಯಾದ ಮರುವರ್ಷ. ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಹೋಗುತ್ತೇನೆ ಅಂದರೆ ಅತ್ತು ಕರೆದು ತಡೆಯುತ್ತಾಳೆ ಅಂತ, ಅವಳು ನೀರಿಗೆ ಹೋದಾಗ ಹೇಳದೆ ಕೇಳದೆ ಹೊರಟುಬಿಟ್ಟ. ಹೋಗುವಾಗ ಪೆಟ್ಟಿಗೆ ತೆಗೆದು ಆ ಗದ್ದಿಗೆ ಕಂಬಳಿಯನ್ನೇ ಹೆಗಲಿಗೆ ಹಾಕಿಕೊಂಡು ಹೋದ! ಮನೆಯಲ್ಲಿ ಹೊದೆಯುವ ಹಳೇ ಕಂಬಳಿಗಳಿಗೇನು ಬರವೇ? ಯುದ್ಧ ಮುಗಿದು ಬಂದಾಗ ಕಂಬಳಿ ಇಲ್ಲ. ಕೇಳಿದರೆ ಈ ಕತೆ.

‘ಕಂಬಳಿನ ಎಲ್ಲೋ ಹೆಂಡದಂಗಡೀಲಿ ಮಾರ್ಕಂಡು, ಈಗ ಮೇಜರ್ರು ಗೀಜರ್ರು ಅಂತ ಬುರುಡೆ ಬುಡ್ತಾನೆ ಕಣೇ ನಿಮ್ಮಪ್ಪ’ ಅನ್ನೋಳು ಅವ್ವ ನನ್ನ ಮುಂದೆ. ನನಗೆ ಹೆಸರಿಡುವಾಗ, ತಮ್ಮಂದಿರಿಗೆ ಹೆಸರಿಡುವಾಗ, ಪ್ರತಿ ಸಲವೂ ಅವ್ವ ನಾದಿನಿ ಮನೆಗೆ ಹೋಗಿ ಗದ್ದಿಗೆ ಕಂಬಳಿ ಬೇಡಿ ತರಬೇಕಾಗಿತ್ತು. ಆ ನಾದಿನಿಯೋ, ಕೊಡುವಾಗೊಂದು ಮಾತು, ವಾಪಸು ಇಸಕೊಳ್ಳುವಾಗೊಂದು ಮಾತು. ಅವ್ವ ಅದನ್ನೆಲ್ಲ ನುಂಗಿಕೊಂಡು ಬಂದು ಅಪ್ಪನ ಮೇಲೆ ಕಾರುತ್ತಿದ್ದಳು. ಅಪ್ಪ ಬೇರೆ ಎಲ್ಲದಕ್ಕೂ ಎದುರು ಮಾತಾಡುತ್ತಿದ್ದ, ಇದೊಂದಕ್ಕೆ ಮಾತ್ರ ‘ದೇವ್ರಾಣೆ ಮಾರ್ಲಿಲ್ಲ ಕಣೇ’ ಅಂದು ತಲೆ ತಗ್ಗಿಸುತ್ತಿದ್ದ. ಊರೆಲ್ಲಾ ನಂಬಿ ಹೆಂಡತಿ ಒಬ್ಬಳು ನಂಬದೇ ಹೋದರೆ ಗಂಡಸಿನ ಮುಖ ಹೇಗಾಗುತ್ತದೆ ಅಂತ ನಾನು ದಿನಾ ನೋಡುತ್ತಿದ್ದೆ. ನನಗೆ ಅವ್ವನ ಮೇಲೂ ಸಿಟ್ಟು, ಅಪ್ಪನ ಮೇಲೂ ಸಿಟ್ಟು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ನಾನು ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದೆ. ಒಂದು ಬೆಳಿಗ್ಗೆ ಬಳೆ ಅಂಗಡಿ ಚಾಚಾ ಪೇಪರ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಓಡಿಬಂದರು. ಚಾಚಾ ಅಂದರೆ ನಮ್ಮಪ್ಪನ ಜೀವದ ಗೆಳೆಯರು, ಬಸ್ ಸ್ಟ್ಯಾಂಡಿನ ಎದುರಿಗೇ ಅವರ ಅಂಗಡಿ, ಅಪ್ಪನ ಕತೆಗೆ ಪ್ರತಿ ಸಲವೂ ಒಗ್ಗರಣೆ ಹಾಕುತ್ತಿದ್ದವರು.

‘ಅರೆ ಭಾಯ್! ಎದ್ದೇಳಯ್ಯಾ! ನಿನ್ನ ಜನರಲ್ ಸಾಹೇಬ್ರು ಮಧುಗಿರಿಗೆ ಬತ್ತವ್ರೆ! ಬೆಟ್ಟ ನೋಡಕ್ಕೆ, ಆಮೇಲೆ ಭಾಷಣ!’

ಅಪ್ಪ ಕುದುರೆಗೆ ಹುರುಳಿ ಇಡುತ್ತಿದ್ದವನು ಪುಟ್ಟಿ ಕೈಬಿಟ್ಟ. ಹುರುಳಿಯೆಲ್ಲಾ ಅಂಗಳದ ತುಂಬ. ‘ನಿಜವಾ? ಆಣೆ ಮಾಡು!’ ಅಂತ ಚಾಚಾರ ರಟ್ಟೆ ಹಿಡಿದು ಕುಣಿದೇಬಿಟ್ಟ. ಕೋಳಿಗಳು ಹುರುಳಿ ತಿನ್ನುತ್ತಿವೆ, ಕುದುರೆ ಕಾಲು ಕೆರೆಯುತ್ತಿದೆ, ಯಾರಿಗೂ ಅದರ ಪರಿವೆಯೇ ಇಲ್ಲ.

ಅವ್ವ ಒಳಗಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಅಂದಳು, ‘ಸರಿ. ನಾನೂ ಬತ್ತೀನಿ.’

‘ನೀನ್ಯಾಕೆ?’ ಅಂದ ಅಪ್ಪ.

‘ಯಾಕೆ ಅಂದ್ರೆ? ನಮ್ಮಪ್ಪ ನೇದ ಕಂಬಳಿ ಅದು. ಅವ್ರತ್ರ ಇದ್ರೆ ಇಸ್ಕಬತ್ತೀನಿ. ಇಲ್ಲ ಅಂದ್ರೆ...’ ಮಾತು ಮುಗಿಸದೆ ಅಪ್ಪನನ್ನು ಒಂದು ನೋಟ ನೋಡಿದಳು. ಅಪ್ಪನ ಕುಣಿತ ಅಲ್ಲಿಗೇ ನಿಂತಿತು.

ಆ ವಾರ ನಮ್ಮ ಮನೆಯಲ್ಲಿ ನೆಟ್ಟಗೆ ಅಡುಗೆ ನಡೆಯಲಿಲ್ಲ. ಅಪ್ಪ ಖಾಕಿ ಅಂಗಿಗೆ ತೇಪೆ ಹಾಕಿಸಿದ, ಇದ್ದಿಲ ಇಸ್ತ್ರಿ ಮಾಡಿಸಿದ, ಕನ್ನಡಿ ಮುಂದೆ ನಿಂತು ಸೆಲ್ಯೂಟ್ ಹೊಡೆದು ಹೊಡೆದು ಕೈ ನೋಯಿಸಿಕೊಂಡ. ಗಿರಾಕಿಗಳಿಗೆಲ್ಲ, ‘ಸಾಹೇಬ್ರು ಈಗ್ಲೂ ದಿಲ್ಲಿ ಬಂಗ್ಲೇಲಿ ಅದೇ ಕಂಬಳಿ ಹೊದ್ಕಂಡು ಮಲಗೋದು, ನೋಡ್ತಿರಿ’ ಅಂತ ಬೇರೆ ಸಾರಿದ. ಅವ್ವ ತವರಿಗೆ ಹೋಗಿ, ಅಣ್ಣನ ಮಗ್ಗದಿಂದ ಆಗತಾನೇ ಇಳಿದಿದ್ದ ಹೊಸ ಕಂಬಳಿಯೊಂದನ್ನು ಎರವಲು ತಂದಳು. ‘ಇದ್ಯಾಕವ್ವಾ?’ ಅಂದೆ. ‘ದೊಡ್ಡೋರು ನಿಂತ್ಕಂಡು ಏನ್ ಬೇಕಾದ್ರೂ ಹೇಳ್ತಾರೆ. ಕೂರಿಸಿ ಕೇಳ್ಬೇಕು’ ಅಂದಳು. ನನಗೆ ನಗುವೂ ಬಂತು, ಭಯವೂ ಆಯ್ತು. ಮಂತ್ರಿಯನ್ನು ಹಿಡಿದು ಕಂಬಳಿ ಮೇಲೆ ಕೂರಿಸುತ್ತಾಳಂತೆ ಈ ನಮ್ಮವ್ವ!

ಆ ದಿನ ಮೊದಲ ಬಸ್ಸಿಗೇ ಹೊರಟೆವು. ಅಪ್ಪ, ಅವ್ವ, ಚಾಚಾ, ನಾನು. ಕಂಡಕ್ಟರ್ ‘ಕಂಬಳಿ ಗಂಟು ಟಾಪಿಗೆ ಹಾಕಿ’ ಅಂದ. ‘ಟಾಪಿಗೆ ನೀನು ಹತ್ತಪ್ಪ, ಕಂಬಳಿ ನನ್ನ ತೊಡೆ ಮೇಲಿರುತ್ತೆ’ ಅಂದಳು ಅವ್ವ. ಬಸ್ಸಿಗೆ ಬಸ್ಸೇ ನಕ್ಕಿತು. ಮಧುಗಿರಿ ಬೆಟ್ಟ ಕಂಡ ಕೂಡಲೇ ನಾನು ಕಿಟಕಿಯಿಂದ ತಲೆ ಈಚೆ ಹಾಕಿದೆ. ಎಷ್ಟು ಸಲ ನೋಡಿದ್ದರೂ ಆ ದಿನ ಅದು ನಮಗಾಗಿಯೇ ಎದ್ದು ನಿಂತ ಹಾಗಿತ್ತು.

ಬೆಟ್ಟದ ಬುಡದ ಮೈದಾನದಲ್ಲಿ ಜನವೋ ಜನ! ಕೊರಟಗೆರೆಯಿಂದ ಗಾಡಿ ಕಟ್ಟಿಕೊಂಡು ಬಂದವರು, ಪಾವಗಡದ ಕಡೆಯಿಂದ ಕಡ್ಲೆಕಾಯಿ ಲಾರಿ ಹತ್ತಿ ಬಂದವರು, ತೋರಣ, ಬ್ಯಾಂಡು, ಪೊಲೀಸಿನವರ ಲಾಠಿ. ಮಾಜಿ ಸಿಪಾಯಿಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದ್ದರು. ಅಪ್ಪನ ಪಕ್ಕ ನಿಡುಗಲ್ಲಿನ ಕಡೆಯ ಮುದುಕರೊಬ್ಬರು. ‘ಏಮಪ್ಪಾ, ನಿನ್ನದೂ ಬರ್ಮಾನಾ?’ ಅಂದರು. ಅಷ್ಟು ಸಾಕಾಯ್ತು, ಅಪ್ಪ ಆನೆ ಹೆಬ್ಬಾವಿನ ಸಮೇತ ಶುರು ಮಾಡಿದ. ನಾವು ಮೂವರೂ ಹಗ್ಗದ ಈಚೆ ಅವನಿಗೆ ಹತ್ತಿರದಲ್ಲೇ ನಿಂತೆವು.

ಕಾರುಗಳು ಬಂದವು. ಜೈಕಾರ ಮುಗಿಲು ಮುಟ್ಟಿತು. ನಾನು ತುದಿಗಾಲ ಮೇಲೆ ನಿಂತು ನೋಡುತ್ತೇನೆ, ಕತ್ತಿಯಿಲ್ಲ, ಪದಕವಿಲ್ಲ, ಕುದುರೆಯಂತೂ ಇಲ್ಲ. ಬಿಳೀ ಕೋಟು ಹಾಕಿದ, ಸಣಕಲು ಮೈಯ, ಎತ್ತರದ ಮನುಷ್ಯರೊಬ್ಬರು ಊರುಗೋಲು ಹಿಡಿದು ಇಳಿದರು. ಮೀಸೆ ಇಲ್ಲ!

‘ಏನ್ ಭಾಯ್, ಗಿರಿಜಾ ಮೀಸೆ ಎಲ್ಲೋಯ್ತು?’ ಅಂದರು ಚಾಚಾ ಹಗ್ಗದ ಈಚೆಯಿಂದ.

‘ಬೋಳಿಸವ್ರೆ!’ ಅಂದ ಅಪ್ಪ ತಿರುಗದೆ.

ಜನರಲ್ ಸಾಹೇಬರು ವೇದಿಕೆಗೆ ಹೋಗಲೇ ಇಲ್ಲ, ನೆಟ್ಟಗೆ ಬೆಟ್ಟದ ಕಡೆ ನಡೆದರು. ಅಧಿಕಾರಿಗಳು ಹಾರ ಹಿಡಿದುಕೊಂಡು ಹಿಂದೆ ಓಡಿದರು. ಕೋಟೆಯ ಮೊದಲ ಬಾಗಿಲವರೆಗೆ ಹತ್ತಿ ಇಳಿದು ಬಂದಾಗ ಸಾಹೇಬರ ಮುಖದಲ್ಲಿ ಬೆವರಿಲ್ಲ. ಹಿಂದಿದ್ದವರು ಏದುಸಿರು ಬಿಡುತ್ತಿದ್ದರು. ಜನ ಶಿಳ್ಳೆ ಹೊಡೆದು ನಕ್ಕರು. ಆಮೇಲೆ ಭಾಷಣ, ಅದೂ ಚಿಕ್ಕದು. ಹಿಂದೂಸ್ತಾನಿಯಲ್ಲಿ ಹೇಳಿದ್ದನ್ನು ಒಬ್ಬರು ಕನ್ನಡಕ್ಕೆ ತಿರುಗಿಸಿದರು. ಯುದ್ಧ ಮಾಡುವಾಗ ನನ್ನ ಹಿಂದೆ ಎಷ್ಟು ಜನ ಇದ್ದಾರೆ ಅಂತ ನೋಡುತ್ತಿದ್ದೆ, ಈ ಕುರ್ಚಿಗೆ ಬಂದ ಮೇಲೆ ನನ್ನ ಮುಂದೆ ಎಷ್ಟು ಜನ ಇದ್ದಾರೆ ಅಂತ ನೋಡುತ್ತೇನೆ, ಅಂದರು. ನನಗೆ ಅವರು ಇಷ್ಟವಾಗಿಹೋದರು. ಅಪ್ಪನ ಕತೆ ಸುಳ್ಳೇ ಆಗಿದ್ದರೂ ಮನುಷ್ಯ ಒಳ್ಳೆಯವರು ಅನ್ನಿಸಿತು.

ಭಾಷಣ ಮುಗಿಸಿ ಮಾಜಿ ಸಿಪಾಯಿಗಳ ಸಾಲಿಗೆ ಬಂದರು. ಒಬ್ಬೊಬ್ಬರನ್ನೂ ಯಾವ ದಂಡು, ಯಾವ ಊರು ಅಂತ ಕೇಳುತ್ತಾ ಬಂದರು. ನಿಡುಗಲ್ಲಿನ ಮುದುಕರ ಭುಜ ತಟ್ಟಿದರು. ಮುಂದೆ ನಮ್ಮಪ್ಪ! ಅವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಗಾಜಿನ ಬಳೆಯೊಂದು ಪಟ್ ಅಂತ ಒಡೆಯಿತು. ಅಪ್ಪ ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆದ, ಹೇಸರಗತ್ತೆ ದಂಡಿನ ಹೆಸರು ಕೂಗಿ ಹೇಳಿದ. ಸಾಹೇಬರು ಅವನ ಮುಖ ನೋಡಿದರು. ನಕ್ಕರು. ‘ಶಾಬಾಶ್’ ಅಂದರು. ಮುಂದಿನವನ ಹತ್ತಿರ ಹೋದರು.

ಅಷ್ಟೇ.

ಅಪ್ಪನ ಕೈ ಸೆಲ್ಯೂಟಿನಿಂದ ಕೆಳಗೆ ಇಳಿಯಲೇ ಇಲ್ಲ. ಹಾಗೇ ಹಣೆಯ ಹತ್ತಿರ ನಿಂತುಬಿಟ್ಟಿತು. ಗುರುತು ಸಿಗಲಿಲ್ಲ. ಇಷ್ಟು ವರ್ಷ ಊರಿಗೆಲ್ಲಾ ಹೇಳಿಕೊಂಡು ಬಂದ ಮನುಷ್ಯ ಯಾರು ಅಂತ ಆ ಸಾಹೇಬರಿಗೆ ಗೊತ್ತೇ ಇಲ್ಲ. ನನಗೆ ಅಳು ಉಕ್ಕಿ ಬಂತು. ಅವ್ವನ ಮುಖ ನೋಡಿದೆ. ‘ನೋಡಿದೆಯಾ?’ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಅಪ್ಪನ ಆ ಎತ್ತಿದ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆದುಕೊಂಡು ಹಗ್ಗದ ಅಡಿಯಲ್ಲಿ ನುಗ್ಗಿಯೇಬಿಟ್ಟಳು!

ಸಾಹೇಬರು ನಡೆಯುವ ದಾರಿಗೆ ಅಡ್ಡಲಾಗಿ ಕಂಬಳಿ ಹಾಸಿದಳು. ‘ಸ್ವಾಮೀ, ಮೆಟ್ಟು ಬುಟ್ಟು ಇದರ ಮೇಲೆ ಕೂತ್ಕಳಿ. ಒಂದು ಮಾತು ಕೇಳ್ಬೇಕು.’

ಪೊಲೀಸಿನವನೊಬ್ಬ ‘ಏಯ್, ಏಯ್ ಏಳಮ್ಮ’ ಅಂತ ಲಾಠಿ ಅಡ್ಡ ಹಿಡಿದ. ಅಧಿಕಾರಿಯೊಬ್ಬರು ಇದು ಸತ್ಯಾಗ್ರಹ ಅಂದುಕೊಂಡು, ‘ಅರ್ಜಿ ಆಫೀಸಿಗೆ ಕೊಡಿ’ ಅಂತ ಕೂಗಿದರು. ಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಈ ಹೆಂಗಸು ಏನನ್ನುತ್ತಾಳೆ ಅಂತ ಕೇಳಿದರು. ಚಾಚಾ ಓಡಿ ಮುಂದೆ ಬಂದರು, ಟೋಪಿ ಸರಿಮಾಡಿಕೊಂಡು ಹಿಂದೂಸ್ತಾನಿಯಲ್ಲಿ ಏನೋ ಹೇಳಿದರು.

ಅಪ್ಪನಿಗೆ ಮಿಲ್ಟ್ರಿಯಲ್ಲಿ ಕಲಿತ ಆ ಭಾಷೆ ಬರುತ್ತಿತ್ತಲ್ಲ, ‘ಲೇ, ಅವ್ಳು ಅಂಗಂದ್ಲೇನ್ಲಾ? ಸಾಹೇಬ್ರಿಗೆ ಸನ್ಮಾನ ಮಾಡ್ತಾಳೆ ಅಂತ ಯಾಕ್ ಹೇಳ್ತೀಯಾ?’ ಅಂದ. ‘ತೋಬಾ ತೋಬಾ, ಮಂತ್ರಿಗೆ ಶೂ ಬಿಚ್ಚು ಅಂತ ಹೆಂಗಯ್ಯಾ ಹೇಳ್ಲಿ?’ ಅಂದರು ಚಾಚಾ. ಇಬ್ಬರೂ ಅಲ್ಲೇ ಜಗಳಕ್ಕೆ ಬಿದ್ದರು. ಕೊನೆಗೆ ಅಪ್ಪನೇ ಕೈ ಕೆಳಗಿಳಿಸಿ, ನೆಲ ನೋಡುತ್ತಾ, ನಿಜವಾದದ್ದನ್ನು ಹೇಳಿದ. ಇವಳು ನನ್ನ ಹೆಂಡತಿ, ಇದು ನಮ್ಮ ಪದ್ಧತಿ, ಇದರ ಮೇಲೆ ಕೂತವರು ಸುಳ್ಳು ಹೇಳುವ ಹಾಗಿಲ್ಲ.

ಸಾಹೇಬರು ನಕ್ಕುಬಿಟ್ಟರು. ಊರುಗೋಲನ್ನು ಅಧಿಕಾರಿಯ ಕೈಗೆ ಕೊಟ್ಟು, ಬಗ್ಗಿ, ತಾವೇ ಶೂ ಲೇಸು ಬಿಚ್ಚತೊಡಗಿದರು. ಬಿಚ್ಚಲು ಹೋದವನನ್ನು ಹತ್ತಿರಕ್ಕೇ ಬಿಡಲಿಲ್ಲ. ಕಂಬಳಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವ್ವನ ಕಡೆ ನೋಡಿದರು.

‘ಬರ್ಮಾದಾಗೆ ಮಳೇಲಿ ತಮಗೆ ಜ್ವರ ಬಂದಿತ್ತಂತೆ. ನನ್ನ ಗಂಡ ತಮಗೊಂದು ಕಂಬಳಿ ಹೊದಿಸಿದ್ನಂತೆ. ಹೌದೋ ಅಲ್ವೋ? ಹೌದಾದ್ರೆ ಆ ಕಂಬಳಿ ಏನಾಯ್ತು? ನನ್ನ ಮದುವೆ ಕಂಬಳಿ ಅದು’ ಅಂದಳು ಅವ್ವ. ಈ ಸಲ ಚಾಚಾ ಒಂದು ಮಾತನ್ನೂ ಬದಲಾಯಿಸಲಿಲ್ಲ.

ಸಾಹೇಬರ ನಗು ನಿಂತಿತು. ತಲೆ ತಗ್ಗಿಸಿ, ತಾವು ಕೂತ ಕಂಬಳಿಯ ಮೇಲೆ ಅಂಗೈ ಆಡಿಸಿದರು. ಅದರ ಅಂಚನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ‘ಇಮ್ಲಿ?’ ಅಂದರು. ಹುಣಸೆಯೇ ಅಂತ.

‘ಹುಣಸೆಬೀಜದ ಗಂಜಿ’ ಅಂದಳು ಅವ್ವ. ಮಗ್ಗಕ್ಕೆ ಹಾಕುವ ನೂಲಿಗೆ ನಮ್ಮವರು ಹುಣಸೆಬೀಜ ಅರೆದು ಗಂಜಿ ಹಚ್ಚುತ್ತಾರೆ, ನೂಲು ಗಟ್ಟಿಯಾಗಲಿ ಅಂತ.

ಸಾಹೇಬರು ನಿಧಾನವಾಗಿ ಹೇಳುತ್ತಾ ಹೋದರು, ಚಾಚಾ ಅದನ್ನು ಕನ್ನಡದಲ್ಲಿ ಹೇಳುತ್ತಾ ಬಂದರು. ‘ಇದೇ ವಾಸನೆ. ಜ್ವರದಲ್ಲಿ ನನಗೆ ಬೇರೇನೂ ತಿಳಿಯುತ್ತಿರಲಿಲ್ಲ. ಯಾರೋ ಹೊದಿಸಿದರು. ಮಳೆಗೆ ನೆಂದು ಆ ಕಂಬಳಿ ಅಂಟಂಟಾಯಿತು. ಬೆಳಿಗ್ಗೆ ಏಳುತ್ತೇನೆ, ಗಡ್ಡ ಕೂದಲು ಎಲ್ಲಾ ಕಂಬಳಿಗೆ ಅಂಟಿಕೊಂಡಿದೆ, ಕಾಡಿನ ಇರುವೆಯೆಲ್ಲಾ ನನ್ನ ಮೇಲೆ! ಬೈದೆ ನಾನು ಆ ಹೊದಿಸಿದವನನ್ನು. ಆದರೆ ಬದುಕಿ ಎದ್ದೆ.’

ಜನ ಗೊಳ್ಳೆಂದು ನಕ್ಕರು. ಅವ್ವ ನಗಲಿಲ್ಲ. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಅವಳು ಮಗ್ಗದ ಮನೆಯ ಮಗಳು. ಹೊದೆಯುವ ಕಂಬಳಿಯನ್ನು ಮೊದಲೇ ಒಗೆದು ಗಂಜಿ ಬಿಡಿಸಿರುತ್ತಾರೆ, ಅದು ಎಂಥ ಮಳೆಗೂ ಅಂಟುವುದಿಲ್ಲ. ಗಂಜಿ ಹಾಗೇ ಉಳಿಯುವುದು ಒಗೆಯದೆ ಎತ್ತಿಟ್ಟ ಗದ್ದಿಗೆ ಕಂಬಳಿಯಲ್ಲಿ ಮಾತ್ರ. ಅಪ್ಪನ ಕತೆಯಲ್ಲಿ ಆನೆ ಇತ್ತು, ಹೆಬ್ಬಾವು ಇತ್ತು, ಈ ಅಂಟು ಎಂದೂ ಇರಲಿಲ್ಲ. ಪಾಪ, ಹೊದಿಸಿ ಕತ್ತಲಲ್ಲೇ ಹೊರಟವನಿಗೆ ಅದು ಗೊತ್ತಾಗುವುದಾದರೂ ಹೇಗೆ? ಅವ್ವ ತಿರುಗಿ ಅಪ್ಪನನ್ನು ನೋಡಿದಳು. ಹದಿನೇಳು ವರ್ಷದ ನನಗೆ ಆ ನೋಟದ ಅರ್ಥ ಪೂರ್ತಿ ಆಗಲಿಲ್ಲ.

‘ಆ ಮನುಷ್ಯನ ಮುಖ ನನಗೆ ನೆನಪಿಲ್ಲ’ ಅಂದರು ಸಾಹೇಬರು ಅಪ್ಪನ ಕಡೆ ತಿರುಗಿ. ‘ನೆನಪಿದೆ ಅಂತ ಹೇಳಬಹುದಿತ್ತು. ಆದರೆ ಇದರ ಮೇಲೆ ಕೂರಿಸಿಬಿಟ್ಟಿದ್ದೀರಿ.’ ಕಂಬಳಿಯ ಅಂಚನ್ನು ಕೆಳಗಿಟ್ಟರು. ‘ಕಂಬಳಿ ನನ್ನ ಹತ್ತಿರ ಇಲ್ಲ. ಆ ಬೆಳಿಗ್ಗೆ ನಮ್ಮ ಹುಡುಗನೊಬ್ಬ ತೀರಿಕೊಂಡ. ಇನ್ನೂ ಮೀಸೆ ಬಂದಿರಲಿಲ್ಲ. ಮಣ್ಣು ಮಾಡಲು ಒಂದು ಬಟ್ಟೆಯೂ ಇರಲಿಲ್ಲ ನಮ್ಮಲ್ಲಿ. ಅದರಲ್ಲೇ ಸುತ್ತಿ ಮಲಗಿಸಿದೆ. ಯಾರ ಕಂಬಳಿ ಅಂತ ಕೇಳಿಕೊಂಡು ಹೋಗಲಿಲ್ಲ. ಕೇಳಬೇಕಾಗಿತ್ತು.’

ಅಪ್ಪ ಪೆಚ್ಚಾಗಿ ನಿಂತಿದ್ದ. ದಿಲ್ಲಿ ಬಂಗಲೆಯಲ್ಲಿ ಇದೆ ಅಂದುಕೊಂಡಿದ್ದ ಕಂಬಳಿ ಬರ್ಮಾದ ಮಣ್ಣಿನಲ್ಲಿತ್ತು.

‘ಆ ಹುಡುಗನಿಗೆ ತಾಯಿ ಇದ್ಲಾ?’ ಅಂತ ಕೇಳಿದಳು ಅವ್ವ.

‘ಇದ್ದರು’ ಅಂದರು ಸಾಹೇಬರು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಂದಳು, ‘ಅಂಗಾದ್ರೆ ಬುಡಿ ಸ್ವಾಮಿ. ಮಣ್ಣಾಗೆ ಬರೀ ಮೈಯಾಗೆ ಮಲಗ್ಲಿಲ್ವಲ್ಲ ಮಗ. ನನ್ನ ಕಂಬಳಿ ಸಿಕ್ತು ಅಂತ ತಿಳ್ಕತೀನಿ.’

ಸಾಹೇಬರು, ದಿಲ್ಲಿಗೆ ಹೋದ ಮೇಲೆ ಒಳ್ಳೆಯದೊಂದು ಕಂಬಳಿ ಕಳಿಸುತ್ತೇನೆ ಅಂದರು. ‘ಮಿಲ್ಟ್ರಿ ಕಂಬಳಿ ನಮಗ್ಯಾಕೆ? ನಮ್ಮಣ್ಣನ ಮಗ್ಗ ಐತೆ’ ಅಂದಳು ಅವ್ವ. ಸಾಹೇಬರು ಗಟ್ಟಿಯಾಗಿ ನಕ್ಕು ಎದ್ದರು. ಶೂ ಹಾಕಿಕೊಳ್ಳಲು ಕಾಲು ಮುಂದಿಟ್ಟರು. ‘ನಿಲ್ಲಿ, ಕೂತೋರೇ ಒಂದು ಕಡೆ ಹಿಡಿದು ಮಡಿಸ್ಬೇಕು’ ಅಂದಳು. ನನಗೆ ನಾಚಿಕೆಯಾಗಿ ಸಾಕಾಗಿಹೋಯ್ತು, ಸಾಕು ಬಿಡೇ ತಾಯಿ ಅನ್ನಬೇಕೆನಿಸಿತು. ಆದರೆ ಸಾಹೇಬರು ಬರಿಗಾಲಲ್ಲೇ ಕಂಬಳಿಯ ಎರಡು ಮೂಲೆ ಹಿಡಿದು, ಅಪ್ಪನನ್ನು ಕಣ್ಣಲ್ಲೇ ಕರೆದರು. ಅಪ್ಪ ಹೋಗಿ ಆ ಕಡೆಯ ಮೂಲೆಗಳನ್ನು ಹಿಡಿದ. ಇಬ್ಬರೂ ಒಂದು ಮಾತಾಡದೆ ಮಡಿಸಿದರು, ಮೂಲೆಗೆ ಮೂಲೆ ಕೂಡಿಸಿ, ಅಂಗೈಯಿಂದ ಸುಕ್ಕು ತೀಡಿ, ಮತ್ತೆ ಮೂಲೆಗೆ ಮೂಲೆ. ನಮ್ಮ ಮನೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಹಾಸಿಗೆ ಮಡಿಸುತ್ತಿದ್ದದ್ದೂ ಹಾಗೇ, ತಮ್ಮಂದಿರು ಹಾಗೆ ಮಡಿಸದಿದ್ದರೆ ಏಟು ಬೀಳುತ್ತಿತ್ತು. ಕೊನೆಯ ಮಡಿಕೆಯಲ್ಲಿ ಇಬ್ಬರೂ ಎದುರು ಬದುರು ಬಂದರು. ಸಾಹೇಬರು ಕಂಬಳಿಯನ್ನು ಅಪ್ಪನ ತೋಳಿನ ಮೇಲಿಟ್ಟು, ತಾವೇ ಮೊದಲು ಸೆಲ್ಯೂಟ್ ಹೊಡೆದರು.

ಬ್ಯಾಂಡಿನವರು ಯಾರೂ ಹೇಳದೆಯೇ ಬಾರಿಸಿಬಿಟ್ಟರು. ಜನ ಹಗ್ಗ ಕಿತ್ತುಕೊಂಡು ನುಗ್ಗಿತು. ನಿಡುಗಲ್ಲಿನ ಮುದುಕರು ಅಪ್ಪನನ್ನು ತಬ್ಬಿಕೊಂಡು, ತೆಲುಗೋ ಕನ್ನಡವೋ ತಿಳಿಯದ ಹಾಗೆ ಅತ್ತರು. ಚಾಚಾ ಅಂತೂ, ‘ನಾನು ಮೊದ್ಲಿಂದ್ಲೂ ನಂಬಿದ್ದೆ, ಅಲ್ವೇನಮ್ಮ?’ ಅಂತ ನನ್ನನ್ನೇ ಸಾಕ್ಷಿ ಕೇಳಿದರು. ನಾನು ಅತ್ತೆನೋ ನಕ್ಕೆನೋ ಈಗಲೂ ಹೇಳಲಾರೆ.

ಸಂಜೆಯ ಬಸ್ಸಿನಲ್ಲಿ ವಾಪಸು ಹೊರಟೆವು. ಯಾವತ್ತೂ ಹೆಂಗಸರ ಸೀಟಿಗೆ ಹೋಗುವ ಅವ್ವ ಆ ದಿನ ಅಪ್ಪನ ಪಕ್ಕದಲ್ಲೇ ಕೂತಳು. ಕಂಬಳಿ ಇಬ್ಬರ ತೊಡೆಯ ಮೇಲೂ ಇತ್ತು. ಚಾಚಾ ಮತ್ತು ನಾನು ಹಿಂದಿನ ಸೀಟಿನಲ್ಲಿ. ಬಸ್ಸಿನಲ್ಲಿದ್ದವರೆಲ್ಲ ‘ಹೇಳಿ ಯಜಮಾನ್ರೇ, ಬರ್ಮಾ ಕತೆ ಹೇಳಿ’ ಅಂತ ಪೀಡಿಸಿದರು. ಜೀವಮಾನವೆಲ್ಲ ಈ ಮಾತಿಗೇ ಕಾದಿದ್ದ ನಮ್ಮಪ್ಪ ಬಾಯಿಯೇ ಬಿಡಲಿಲ್ಲ. ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಕಡ್ಲೆಕಾಯಿ ಹೊಲಗಳು ಹಿಂದೆ ಹೋಗುತ್ತಿದ್ದವು.

ಜನ ಕೇಳಿ ಕೇಳಿ ಸುಮ್ಮನಾದ ಮೇಲೆ ಅವ್ವ ಮೆಲ್ಲಗೆ ಕೇಳಿದಳು, ‘ಅಲ್ಲಾ, ಮನೇಲಿ ಅಷ್ಟು ಹಳೇ ಕಂಬಳಿ ಬಿದ್ದಿದ್ವು. ಅದನ್ನೇ ಯಾಕೆ ತಗೊಂಡು ಹೋಗಿದ್ದು?’

ಅಪ್ಪ ಕಿಟಕಿಯ ಕಡೆಗೇ ಮುಖ ಇಟ್ಟುಕೊಂಡು ಅಂದ, ‘ಅದರ ಮೇಲೆ ನೀನು ಕೂತಿದ್ಯಲ್ಲ ಕಣೇ, ಅದಕ್ಕೆ.’

ಬಸ್ಸು ತಿರುವಿನಲ್ಲಿ ಓಲಾಡಿತು. ಅವ್ವ ಕಂಬಳಿಯ ಅಂಚನ್ನು ಅವನ ಮೊಣಕಾಲ ಮೇಲೆ ಸರಿಯಾಗಿ ಹೊದಿಸಿದಳು, ನೋವಿನ ಮೊಣಕಾಲು ಅದು.

‘ಆಮೇಲೆ?’ ಅಂದಳು.